ಭೋಂಗಾ ಕೂಗಿದ ಮೇಲೆ

ಎದೆಮಟ್ಟದ ಕುಣಿಯೊಳಗೆ ನಿಂತು ದುರ್ಗಪ್ಪ ಗುದ್ದಲಿ ಎತ್ತಿದ. ಇಳಿಸುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ತಿರುಗಿ ನೋಡುವ ಅಗತ್ಯವಿರಲಿಲ್ಲ. ಕುಡಿತ ಬಿಟ್ಟು ನಾಲ್ಕು ವರ್ಷವಾಗಿದ್ದರೂ ಮೂಗು ಅದನ್ನು ಮರೆತಿರಲಿಲ್ಲ.

"ಒಂದು ಗುಟುಕು ಹಾಕು, ದುರ್ಗಪ್ಪಣ್ಣ," ಎಂದ ಯಲ್ಲಪ್ಪ. ಕುಣಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಾಟಲಿಯ ಬೂಚನ್ನು ಹಲ್ಲಿನಿಂದ ಕಿತ್ತಿದ್ದ. "ಮಣ್ಣು ಕಲ್ಲಾಗೇತಿ. ಇದಿಲ್ಲದ ಕುಣಿ ತಗಿಯಾಕ ಆಗೂದಿಲ್ಲ."

ಯಲ್ಲಪ್ಪ ಸತ್ತವನ ಒಡಹುಟ್ಟಿದ ತಮ್ಮ. ಅಣ್ಣನ ಕುಣಿ ತಾನೇ ತೆಗೆಯುತ್ತೇನೆಂದು, ಬೇಡವೆಂದವರ ಮಾತು ಕೇಳದೆ ಬಂದಿದ್ದ. ಅಣ್ಣ ಗೂಳಪ್ಪ ದಾಂಡೇಲಿಯ ಪೇಪರ್ ಮಿಲ್ಲಿನ ಬಿದಿರು ಅಂಗಳದಲ್ಲಿ ಕೆಲಸಕ್ಕಿದ್ದವನು. ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ಮೂರು ತಿಂಗಳು ಮಲಗಿ ಈ ಬೆಳಗಿನ ಜಾವ ಪ್ರಾಣ ಬಿಟ್ಟಿದ್ದ.

ದುರ್ಗಪ್ಪ ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು, ರಟ್ಟೆ ಸೋತಿತ್ತು. ಬಾಯಲ್ಲಿ ನೀರೂರಿತು. ಗೆಳೆಯನ ಕುಣಿಯಲ್ಲಿ ನಿಂತವನಿಗೆ ಬಾಯಲ್ಲಿ ನೀರೂರುತ್ತದಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೆದರಿಕೆ ಹುಟ್ಟಿತು.

"ನನಗ ಬ್ಯಾಡ."

"ಇವತ್ತೊಂದು ದಿನ. ಅಣ್ಣ ಏನು ನೋಡಾಕ ಬರ್ತಾನ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಇನ್ನು ಮುಂದೆ ನೋಡುವವರು ಯಾರೂ ಇಲ್ಲ. ದುರ್ಗಪ್ಪ ಗುದ್ದಲಿ ಬಿಟ್ಟು ಕುಣಿಯ ಅಂಚು ಹಿಡಿದು ಮೇಲೆ ಹತ್ತಿದ. "ನೀರು ಕುಡದು ಬರ್ತೇನಿ," ಎಂದದ್ದು ತನ್ನದೇ ದನಿಯೆಂದು ಅವನಿಗೆ ಅನ್ನಿಸಲಿಲ್ಲ.

* * *

ಅರವತ್ತೆರಡನೆಯ ಇಸವಿಯ ಒಂದು ರವಿವಾರ. ಮಿಠಾಯಿ ಕೊಡಿಸುತ್ತೇನೆಂದು ದುರ್ಗಪ್ಪ ನಾಲ್ಕು ವರ್ಷದ ಮಗಳು ಹೊಳೆವ್ವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊರಟಿದ್ದ. ಆಗ ದಾರೂಬಂದಿ, ಸೆರೆ ಮಾರುವಂತಿರಲಿಲ್ಲ. ಆದರೂ ಗೋವೆಯ ಕಡೆಯಿಂದ ಕಾಡುದಾರಿಯಲ್ಲಿ ಕದ್ದು ಬರುವ ಬಾಟಲಿಗಳು ಹಳ್ಳದಾಚೆಯ ಗುಡಿಸಲಿನಲ್ಲಿ ಇಳಿಯುತ್ತಿದ್ದವು. ಸಂಜೆ ಅವನು ಒಬ್ಬನೇ ಮನೆಗೆ ಬಂದ.

"ಹುಡುಗಿ ಎಲ್ಲೆ?" ಎಂದಳು ಹೆಂಡತಿ ಶಂಕ್ರೆವ್ವ.

ಅವನಿಗೆ ನೆನಪಾಗಲಿಲ್ಲ. ಎಲ್ಲಿ ಇಳಿಸಿದೆ, ಯಾರ ಕೈಗೆ ಕೊಟ್ಟೆ, ಏನೂ ನೆನಪಾಗಲಿಲ್ಲ. ಮಿಠಾಯಿಯ ಪೊಟ್ಟಣ ಮಾತ್ರ ಜೇಬಿನಲ್ಲಿತ್ತು.

ಮಿಲ್ಲಿನ ಕೆಲಸಗಾರರ ಸಾಲುಮನೆಗಳ ಚಾಳಿನ ಗಂಡಸರೆಲ್ಲ ಹುಡುಕಲು ಹೊರಟರು. ಮಗು ಸಿಕ್ಕಿದ್ದು ಗೂಳಪ್ಪನಿಗೆ. ಮನೆಯೆತ್ತರದ ಎರಡು ಬಿದಿರು ಒಟ್ಟಿಲುಗಳ ನಡುವಿನ ಸಂದಿಯಲ್ಲಿ, ಅತ್ತು ಅತ್ತು ದನಿ ಬಿದ್ದುಹೋಗಿ, ಕಣ್ಣು ಬಿಟ್ಟುಕೊಂಡು ಕೂತಿತ್ತು. ಬಿದಿರು ಜಾರಿದ್ದರೆ ಎತ್ತು ಕೂಡ ಉಳಿಯದ ಜಾಗ ಅದು.

ಗೂಳಪ್ಪ ಮಗುವನ್ನು ಶಂಕ್ರೆವ್ವನ ಮಡಿಲಿಗೆ ಹಾಕಿದ. ದುರ್ಗಪ್ಪನನ್ನು ಬೈಯಲಿಲ್ಲ, ಹೊಡೆಯಲಿಲ್ಲ. "ನಾಳೆ ಭೋಂಗಾ ಕೂಗಿದಕೂಡ್ಲೆ ನಿಮ್ಮ ಕಟ್ಟಿಮ್ಯಾಲ ಬಂದು ಕುಂಡ್ರತೇನಿ," ಎಂದಷ್ಟೇ ಹೇಳಿ ಹೋದ.

ಮಿಲ್ಲಿನ ಭೋಂಗಾ, ಕೆಲಸ ಬಿಡುವ ಸೈರನ್ನು, ಸಂಜೆ ಐದಕ್ಕೆ ಕೂಗುತ್ತಿತ್ತು. ಮರುದಿನ ಅವನು ಬಂದ. ಅದರ ಮರುದಿನವೂ ಬಂದ. ಹಳ್ಳದ ಕಡೆಯ ದಾರಿ ಬಿಡಿಸಿ, ಅರ್ಧ ಮೈಲಿ ಸುತ್ತಾದರೂ ಬಾಜಾರದ ಮೇಲಿಂದ ಕರೆತರುತ್ತಿದ್ದ. "ಗಂಟಲು ಎಳದಾಗ ಮೊದಲು ಹೊಟ್ಟಿ ಕೇಳು," ಎನ್ನುತ್ತಿದ್ದ. "ಹಸದಿದ್ರ ಉಣ್ಣು. ಸಿಟ್ಟಿದ್ರ ನನ್ನ ಮುಂದ ಬೈದುಬಿಡು. ಒಳಗಿಟ್ಕೊಂಡು ಹಳ್ಳದ ಕಡೆ ನಡೀಬ್ಯಾಡ." ಒಮ್ಮೆ ಮಿಲ್ಲಿನ ಕೂಲಿಗಳ ಮುಕಾದಮ ಎಲ್ಲರೆದುರು ಅವಮಾನ ಮಾಡಿದ ದಿನ ದುರ್ಗಪ್ಪ ಕಟ್ಟೆಯ ಮೇಲೆ ಕೂತು ಕತ್ತಲಾಗುವವರೆಗೆ ಮುಕಾದಮನ ಇಡೀ ವಂಶವನ್ನು ಬೈದ. ಗೂಳಪ್ಪ ಕೊನೆಗೆ, "ಅವನ ಸೋದರಮಾವ ಉಳದ," ಎಂದ. ಇಬ್ಬರೂ ನಕ್ಕರು. ಆ ದಿನವೂ ಹಾಗೆ ದಾಟಿತು. ಕಡೆಯ ಮೂರು ತಿಂಗಳು ಭೋಂಗಾ ಕೂಗಿದ ಮೇಲೆ ದುರ್ಗಪ್ಪನೇ ಹೋಗಿ ಗೂಳಪ್ಪನ ಹಾಸಿಗೆಯ ಬಳಿ ಕೂರುತ್ತಿದ್ದ.

* * *

ಚಾಳಿನ ಮನೆಯಲ್ಲಿ ಗೂಳಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ತಲೆಗೆ ಹೊಸ ರುಮಾಲು. ತಾಳದ ಭಜನೆ ಸ್ವಲ್ಪ ಹೊತ್ತು ನಿಂತಿತ್ತು. ಬಾಗಿಲ ಬಳಿ ಮುಂಡಗೋಡದಿಂದ ಬಂದ ಇಬ್ಬರು ಬೀಗರು, ಅಂದಾನೆಪ್ಪ ಮತ್ತು ಕರಿಬಸಪ್ಪ, ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಗೂಳಪ್ಪ ಕುಡಿಯೂದು ಬಿಟ್ಟು ಏಳು ವರ್ಷ ಆಗಿತ್ತಂತ," ಎಂದ ಅಂದಾನೆಪ್ಪ.

"ಅಂವ ಬಿಟ್ರೂ ಅದು ಅವನ್ನ ಬಿಡಲಿಲ್ಲ ನೋಡ್ರಿ," ಎಂದ ಕರಿಬಸಪ್ಪ. "ಹೆಂಗೂ ಹೋಗೂದಿತ್ತು. ಏಳು ವರ್ಷ ಸುಖಾನರ ಪಡಬಹುದಿತ್ತು."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ಅದು ದುರ್ಗಪ್ಪನ ಕಿವಿಯಲ್ಲೇ ಉಳಿಯಿತು. ಅವನು ಸರಿದು ಹಿತ್ತಲಿಗೆ ಬಂದ. ಗೂಳಪ್ಪನ ಹೆಂಡತಿ ಕಾಶೆವ್ವ ನೀರಿನ ಹಂಡೆಯ ಬಳಿ ಒಬ್ಬಳೇ ಕೂತಿದ್ದಳು. ಅತ್ತು ಮುಗಿದ ಮುಖ.

"ಏನರ ತಿಂದೀಯೇನಪಾ?" ಎಂದು ಕೇಳಿದಳು.

"ವೈನಿ, ನನಗ ಅಂಜಿಕಿ ಬರಾಕತ್ತೇತಿ. ಯಲ್ಲಪ್ಪನ ಕೈಯಾಗ ಬಾಟ್ಲಿ ಐತಿ. ಇವತ್ತು ಭೋಂಗಾ ಆದ ಮ್ಯಾಲ ಏನು ಮಾಡ್ಲಿ? ಅಣ್ಣ ಕಲ್ಲಿನಂಗ ಇದ್ದ. ನಾ ಅವಗ ಆತ್ಕೊಂಡು ನಿಂತಿದ್ದೆ."

ಕಾಶೆವ್ವ ಹಂಡೆಯ ಅಂಚು ಹಿಡಿದು ಅವನತ್ತ ತಿರುಗಿದಳು.

"ಕಲ್ಲಿನಂಗ ಇದ್ರು ಅಂತ ಯಾರು ಹೇಳಿದ್ರು ನಿನಗ? ಭೋಂಗಾ ಆಗಿ ಮನೀಗೆ ಬಂದು ಹೊಳ್ಳಿ ನಿಮ್ಮ ಕಡೆ ಹೊಂಡಾಗ ಅಂಜಿಕಿಲೆ ಅವರ ಕಾಲು ಚಪ್ಪಲಿಯೊಳಗ ಹೋಗ್ತಿರಲಿಲ್ಲ. ನಾ ಕುಂತು ಮೆಟ್ಟಿಸ್ತಿದ್ದೆ. 'ಕಾಶಿ, ದುರ್ಗಪ್ಪನ ಮನೀತನಕ ಮುಟ್ಟಿದ್ರ ಇವತ್ತಿಂದು ಗೆದ್ದಂಗ' ಅಂತಿದ್ರು. ನಿನ್ನ ಕಾಯಾಕ ಬರ್ತಿರಲಿಲ್ಲಪಾ. ನಿನ್ನ ಮಗ್ಗಲಾಗ ಅಡಗಾಕ ಬರ್ತಿದ್ರು."

"ನಾಕು ವರ್ಷಾನೂ?"

"ಹಾಸಿಗಿ ಹಿಡಿಯೂತನಕ. ಯಲ್ಲಪ್ಪನ್ನೂ ಕರದ್ರು, ಅವ ಬರಲಿಲ್ಲ."

ದುರ್ಗಪ್ಪನಿಗೆ ಸಮಾಧಾನವಾಗಲಿಲ್ಲ. ಅಂಜಿಕೆ ಕಳೆದುಹೋಗುವ ದಿನವೊಂದು ಬರುತ್ತದೆಂದು ಅವನು ಗೂಳಪ್ಪನ ಮುಖ ನೋಡಿ ನಂಬಿಕೊಂಡಿದ್ದ. ಆ ದಿನ ಎಲ್ಲಿಯೂ ಇರಲಿಲ್ಲ.

* * *

ಇಳಿಹೊತ್ತಿಗೆ ಮಣ್ಣಾಯಿತು. ಜಂಗಮರಾದ ಬಸಲಿಂಗಯ್ಯನವರು ಮಂತ್ರ ಹೇಳಿದರು. ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು. ಮುಷ್ಟಿ ಮಣ್ಣು ಹಾಕುವಾಗ ಯಲ್ಲಪ್ಪ ಮುಗ್ಗರಿಸಿದ, ಇಬ್ಬರು ಹಿಡಿದುಕೊಂಡರು. ಎಲ್ಲರೂ ಕಾಳಿ ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ಚೆದುರಿದರು.

ಬಾಜಾರದ ದಾರಿಯೂ ಹಳ್ಳದ ದಾರಿಯೂ ಕವಲೊಡೆಯುವಲ್ಲಿ ದುರ್ಗಪ್ಪ ಬಂದು ನಿಂತಾಗ ಭೋಂಗಾ ಕೂಗಿತು. ಉದ್ದಕ್ಕೆ, ಒಂದೇ ದನಿಯಲ್ಲಿ. ಅದು ನಿಂತ ಮೇಲಿನ ಮೌನ ಅವನಿಗೆ ತಡೆಯಲಾಗಲಿಲ್ಲ.

ಯಲ್ಲಪ್ಪ ಹಿಂದಿನಿಂದ ಬಂದ. "ನನ್ನ ಬಾಟ್ಲಿ ಮುಗೀತು. ಹಳ್ಳಕ್ಕ ಹೋಗೂಣು, ನಡಿ," ಎಂದ.

ದುರ್ಗಪ್ಪ ನಡೆದ. ಬೇಡವೆನ್ನಬೇಕೆಂದು ಗೊತ್ತಿತ್ತು, ಕಾಲು ಮಾತ್ರ ಮೊದಲಿನ ಸಲೀಸಿನಲ್ಲಿ ಇಳಿಜಾರಿನತ್ತ ಹೋಗುತ್ತಿತ್ತು. ಗುಡಿಸಲಿನ ಹೊಗೆ ಕಂಡಿತು. ಇಪ್ಪತ್ತು ಹೆಜ್ಜೆ, ಮೂವತ್ತು ಹೆಜ್ಜೆ. 'ಮೊದಲು ಹೊಟ್ಟಿ ಕೇಳು' ಎಂಬ ಗೂಳಪ್ಪನ ಮಾತು ನೆನಪಾಯಿತು. ಅವನು ಯಲ್ಲಪ್ಪನ ಎಡ ಮಣಿಕಟ್ಟನ್ನು ಗಪ್ಪನೆ ಹಿಡಿದ.

"ನನಗ ಹಸಿವ್ಯಾಗೇತಿ," ಎಂದ.

"ಆದ್ರೇನು?"

"ನಿನ್ನೆಯಿಂದ ತಿಂದಿಲ್ಲ. ನಮ್ಮ ಮನೀತನಕ ಬಾ. ಒಬ್ಬನ ಹೋದ್ರ ಹೊಳ್ಳಿ ಇಲ್ಲೇ ಬರ್ತೇನಿ."

ಯಲ್ಲಪ್ಪ ನಕ್ಕ. "ಅಣ್ಣನಂಗ ನನ್ನ ಕಾಯಾಕ ನಿಂತೀಯೇನು?"

"ಇಲ್ಲೋ. ನೀನ ನನ್ನ ಕಾಯಿ ಅಂತ ಕೇಳಾಕತ್ತೇನಿ."

ಯಲ್ಲಪ್ಪನ ನಗೆ ನಿಂತಿತು. ಅವನನ್ನು ಯಾರೂ ಎಂದೂ ಹಾಗೆ ಕೇಳಿರಲಿಲ್ಲ. ಹೊಗೆಯತ್ತ ಒಮ್ಮೆ ನೋಡಿದ, ಇವನ ಮುಖವನ್ನು ಒಮ್ಮೆ ನೋಡಿದ. ಕೈ ಬಿಡಿಸಿಕೊಳ್ಳಲಿಲ್ಲ.

ಬಾಗಿಲು ತೆರೆದ ಶಂಕ್ರೆವ್ವನಿಗೆ ಮೊದಲು ಬಂದದ್ದು ವಾಸನೆ. ಅವಳ ಕೈ ತಾನಾಗಿ ಹಿಂದೆ ಹೋಗಿ ಮಗಳನ್ನು ಸೆರಗಿಗೆ ಎಳೆದುಕೊಂಡಿತು. ಗಂಡನ ಕಣ್ಣನ್ನು ನೋಡಿದಳು, ಬಾಯಿಯ ಹತ್ತಿರ ಮುಖ ತಂದಳು. ವಾಸನೆ ಅವನದಲ್ಲ. ಆಗ ಉಸಿರು ಬಿಟ್ಟಳು.

"ಇಬ್ಬರಿಗೂ ಹಾಕು," ಎಂದ ದುರ್ಗಪ್ಪ.

ಎರಡು ತಾಟು ಬಂದವು: ಜೋಳದ ರೊಟ್ಟಿ, ಝುಣಕ. ಇಬ್ಬರೂ ಗೋಡೆಗೊರಗಿ ಒತ್ತಿಕೊಂಡು ಕೂತಿದ್ದರು. ದುರ್ಗಪ್ಪ ಎಡಗೈಯಿಂದ ರೊಟ್ಟಿ ಮುರಿಯಲು ಹೋದ, ಮುರಿಯಲು ಬರಲಿಲ್ಲ.

"ಅಪ್ಪಾ, ಎಡಗೈಲೆ ಯಾಕ ಉಣ್ಣಾಕತ್ತಿ?" ಎಂದು ಕೇಳಿದಳು ಎಂಟು ವರ್ಷದ ಹೊಳೆವ್ವ.

ಶಂಕ್ರೆವ್ವ ಗಂಡನ ಬಲಗೈ ಎಲ್ಲಿದೆ ಎಂದು ನೋಡಿದಳು. ಯಲ್ಲಪ್ಪನ ಮಣಿಕಟ್ಟಿನ ಮೇಲೆ ಅದರ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಅವಳು ಬಿಡಲು ಹೇಳಲಿಲ್ಲ. ಎದುರಿಗೆ ಕೂತು, ಗಂಡನ ತಾಟಿನ ರೊಟ್ಟಿಯನ್ನು ಎಳೆಕೂಸಿಗೆ ಮುರಿದು ಕೊಡುವ ಹಾಗೆ ಸಣ್ಣ ಸಣ್ಣ ತುಂಡು ಮಾಡತೊಡಗಿದಳು.