ಪಾರ್ವತವ್ವನ ಮೊಣಕಾಲು ಮತ್ತು ಅಟ್ಟದ ಮೇಲಿನ ರೂಟರ್

“ಕಾಲು ಮೇಲೆತ್ತಿ, ಅಮ್ಮ. ಇನ್ನೂ ಸ್ವಲ್ಪ. ಹಾಂ, ಹಾಗೇ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಇಳಿಸ್ಬೇಡಿ,” ಎಂದರು ಮೊಬೈಲಿನೊಳಗಿನ ಡಾಕ್ಟರ್ ಕಾವ್ಯಶ್ರೀ.

ಮಂಚದ ಮೇಲೆ ಮಲಗಿದ್ದ ಪಾರ್ವತವ್ವ ಕಾಲು ಎತ್ತಿ ಹಿಡಿದಳು. ಹತ್ತು ಎಣಿಸಿದಳು. ಇಪ್ಪತ್ತು ಎಣಿಸಿದಳು. ತೊಡೆ ನಡುಗತೊಡಗಿತು. ಡಾಕ್ಟರಮ್ಮ ಮಾತ್ರ ಅರ್ಧ ಬಾಯಿ ತೆರೆದು ನೋಡುತ್ತಲೇ ಇದ್ದರು. ಎಂಥ ಕಲ್ಲು ಮನಸ್ಸಿನವಳಪ್ಪ ಇವಳು ಎಂದು ಪಾರ್ವತವ್ವ ಒಳಗೊಳಗೇ ಬೈದುಕೊಂಡಳು. ಎಣಿಕೆ ಐವತ್ತಕ್ಕೆ ಮುಟ್ಟಿದಾಗ ಸೊಸೆ ಮಹೇಶ್ವರಿ ಒಳಗೆ ಬಂದಳು.

“ಅಯ್ಯ ಅತ್ತಿ, ಕಾಲ ಇಳಸ್ರಿ! ನೆಟ್ ಹೋಗಿ ಚಿತ್ರ ನಿಂತೈತಿ. ಡಾಕ್ಟರು ಯಾವಾಗೋ ಹೋದ್ರು!”

ಬನವಾಸಿ ಕಡೆಯ ಆ ಊರಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಬಸ್ ಸ್ಟ್ಯಾಂಡಿನ ತನಕ ನಡೆಯಬೇಕು. ಅದಕ್ಕೇ ಮಗ ಬಸವರಾಜ ಮನೆಗೆ ಫೈಬರ್ ಹಾಕಿಸಿ, ಹೊಸ ರೂಟರನ್ನು ಪಡಸಾಲೆಯ ಗೋಡೆಗೆ ಬಡಿದಿದ್ದ. ಪಡಸಾಲೆಯಲ್ಲಿ ನೆಟ್ ಕುದುರೆಯಂತೆ ಓಡುತ್ತಿತ್ತು. ಪಾರ್ವತವ್ವನ ಮಂಚವಿದ್ದ ಒಳಕೋಣೆಗೆ, ಅವರ ಮಾತಿನ ಒಳಕೋಲಿಗೆ, ಬರುವಷ್ಟರಲ್ಲಿ ಸುಸ್ತು. ನಡುವೆ ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ ಇತ್ತು.

ಹಾಗಾದರೆ ಪಾರ್ವತವ್ವ ಪಡಸಾಲೆಯಲ್ಲೇ ಕಸರತ್ತು ಮಾಡಬಾರದೇಕೆ? ಮಾಡಬಹುದಿತ್ತು, ಅದು ಊರಿಗೆ ಪೂಜೆ ಮಾಡಿಸುವ ಅಯ್ನೋರ ಮನೆಯ ಪಡಸಾಲೆಯಲ್ಲದಿದ್ದರೆ. ಗಂಡ ಸಂಗಯ್ಯನ ಹತ್ತಿರ ತಿಥಿ ಕೇಳಲು, ವಿಭೂತಿ ಇಸಿದುಕೊಳ್ಳಲು, ಸುಮ್ಮನೆ ಹರಟೆ ಹೊಡೆಯಲು ಯಾರಾದರೊಬ್ಬರು ಬಂದು ಕೂತೇ ಇರುತ್ತಿದ್ದರು. ಆ ಬಾಗಿಲು ಹಗಲು ಮುಚ್ಚಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. “ಊರ ಗಂಡಸರ ಮುಂದ ಕಾಲ ಎತ್ತಲೇನು? ಮೊಣಕಾಲು ಹ್ವಾದ್ರ ಹೋತು, ಮರ್ವಾದಿ ಹೋಗಬಾರ್ದು,” ಎಂದಿದ್ದಳು ಪಾರ್ವತವ್ವ.

ಆದರೆ ಮೊಣಕಾಲು ಹೋಗುವುದು ಅವಳಿಗೂ ಬೇಕಿರಲಿಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಐದು ವಾರವಾಗಿತ್ತು. ಹೇಳಿದ ಹಾಗೆ ಕಸರತ್ತು ಮಾಡದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಸೀಗೆ ಹುಣ್ಣಿಮೆಗೆ ಇನ್ನು ಐದೇ ವಾರ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪದೆ ಬುಟ್ಟಿಯಲ್ಲಿ ಅಡಿಗೆ ಹೊತ್ತು, ಹೊಲದ ಬದುವಿನ ಮೇಲೆ ನಡೆದು, ಅದನ್ನೇ ಚರಗವೆಂದು ಭೂಮಿತಾಯಿಗೆ ಚೆಲ್ಲಿದವಳು ಅವಳು.

“ಈ ವರ್ಷ ಸೊಸಿ ಒಯ್ಯಲಿ. ನೀ ಮನ್ಯಾಗ ಕುಂದ್ರು,” ಎಂದುಬಿಟ್ಟಿದ್ದ ಸಂಗಯ್ಯ. ಆ ಮಾತು ಪಾರ್ವತವ್ವನಿಗೆ ಆಪರೇಷನ್ನಿನ ಗಾಯಕ್ಕಿಂತ ಹೆಚ್ಚು ನೋವು ಕೊಟ್ಟಿತ್ತು.

ಒಳಕೋಲಿಗೂ ನೆಟ್ ಮುಟ್ಟಲಿ ಎಂದು ಮರುದಿನ ಬಸವರಾಜ ಅಟ್ಟ ಹತ್ತಿ, ಹಿಂದಿನ ಕನೆಕ್ಷನ್ನಿನ ಹಳೆಯ ರೂಟರ್ ಇಳಿಸಿದ. ಜೇಡರ ಬಲೆ ಒರೆಸಿದ. ಪಡಸಾಲೆಯ ಹೊಸ ಡಬ್ಬಿಯಿಂದ ಉದ್ದನೆಯ ವೈರು ಎಳೆದು, ಒಳಕೋಲಿಯ ಹಳೆಯ ಡಬ್ಬಿಗೆ ಚುಚ್ಚಿದ. ಹಸಿರು ದೀಪಗಳು ಪಕಪಕ ಮಿನುಗಿದವು. ಪಾರ್ವತವ್ವ ಮಂಚದಿಂದಲೇ ಕತ್ತು ಚಾಚಿ ನೋಡಿದಳು. ಯಾವ ದೀಪ ಯಾತಕ್ಕೆ, ಯಾವುದು ಬೇಗ ಮಿನುಗುತ್ತದೆ, ಯಾವುದು ಸುಮ್ಮನಿರುತ್ತದೆ ಎಂದು ಅವಳಿಗೆ ಎಲ್ಲಿಲ್ಲದ ಕುತೂಹಲ.

ಅರ್ಧ ತಾಸಿನಲ್ಲಿ ಪಡಸಾಲೆಯಿಂದ ಕೂಗು ಕೇಳಿತು. “ಏ ಬಸ್ಯಾ! ನಂದೂ ನಿಂತೋತಲ್ಲೋ!” ಸಂಗಯ್ಯನ ಮೊಬೈಲಿನಲ್ಲಿ ವೈಫೈ ಗುರುತು ಇತ್ತು, ಆದರೆ ಏನೂ ತೆರೆಯುತ್ತಿರಲಿಲ್ಲ. ಮಹೇಶ್ವರಿಯದೂ ಹಾಗೇ. ಮನೆಗೆ ಮನೆಯೇ ಬಂದ್.

“ನಾ ಮೊದಲ ಹೇಳಿದ್ನಿ. ಹಳೇದು ಹೊಸಾದು ಕೂಡಿ ಬಾಳಂಗಿಲ್ಲ. ಒಯ್ದು ಗುಜರಿಗೆ ಒಗಿ,” ಎಂದ ಸಂಗಯ್ಯ.

“ಹಳೇದಾತಂದ್ರ ಒಗದ್ಬಿಡೂದೇನು?” ಪಾರ್ವತವ್ವನ ದನಿ ಏರಿತು. “ಅದನ್ನ ಅಟ್ಟಕ್ಕ ಹಾಕಿದ್ರಿ, ನನ್ನ ಮಂಚಕ್ಕ ಹಾಕೀರಿ. ಒಂದೊಂದ ಇದ್ದಾಗ ಎರಡೂ ಛಲೋ ಇದ್ದೂ. ಕೂಡಿಸಿದ ಕೂಡಲೆ ಯಾಕ ಕೆಟ್ಟೂ? ಅದನ್ನ ಯಾರರ ಹೇಳ್ರಿ ನನಗ.”

ಆಗ ಮಹೇಶ್ವರಿಗೆ ನೆನಪಾದವಳು ರೋಹಿಣಿ. ಸಿದ್ದಾಪುರ ಕಡೆಯಿಂದ ಈ ಊರಿಗೆ ಮದುವೆಯಾಗಿ ಬಂದವಳು, ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವಳು. ಅಲ್ಲಿನ ಕಂಪ್ಯೂಟರ್, ವೈಫೈ ಎಲ್ಲ ಅವಳದೇ ಉಸ್ತುವಾರಿ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬಂದೇಬಿಟ್ಟಳು.

“ಎಂತ ಆಯ್ತು ಅಮ್ಮಾ?” ಎಂದು ಎಲ್ಲ ಕೇಳಿಸಿಕೊಂಡು ನಕ್ಕಳು. “ಡಬ್ಬಿ ಎರಡೂ ಸರಿ ಅದೆ. ಮನೆಯಲ್ಲಿರೋ ಒಂದೊಂದು ಮೊಬೈಲಿಗೂ ರೂಟರು ಒಂದೊಂದು ನಂಬರು ಕೊಡ್ತದೆ. ಈಗ ಇಬ್ಬರೂ ಕೊಡ್ತಾ ಇದ್ದಾರೆ. ಹಿಟ್ಟಿನ ಗಿರಣಿಯಲ್ಲಿ ಇಬ್ಬರು ನಿಂತು ಡಬ್ಬಿಗಳ ಮೇಲೆ ಒಂದರಿಂದ ನಂಬರು ಬರೀತಾ ಹೋದ್ರೆ ಎಂತ ಆಗ್ತದೆ?”

“ಐದನೇ ನಂಬರ್ ಡಬ್ಬಿ ಎರಡಾಕ್ಕಾವು. ಜಗಳ ಹತ್ತತೈತಿ,” ಎಂದಳು ಪಾರ್ವತವ್ವ. ತುಸು ಯೋಚಿಸಿ, “ಅಂದ್ರ ಬಳಪ ಒಬ್ರ ಕೈಯಾಗ ಇರಬೇಕು?” ಎಂದಳು.

“ಅಷ್ಟೇಯ! ಬಳಪ ಹೊಸ ರೂಟರ್ ಕೈಲಿ ಇರ್ಲಿ. ಹಳೇದು ನೆಟ್ಟನ್ನು ಈ ಕೋಲಿಗೆ ಹಂಚಿದ್ರೆ ಸಾಕು.”

ರೋಹಿಣಿ ಮೊದಲು ನಡುವಿನ ವೈರು ಬಿಡಿಸಿದಳು. ಹಳೆಯ ಡಬ್ಬಿಯ ಹಿಂದಿನ ಸಣ್ಣ ತೂತನ್ನು ಒತ್ತಲು ಏನಾದರೂ ಬೇಕೆಂದಾಗ ಪಾರ್ವತವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಒತ್ತಿ ಹತ್ತು ಸೆಕೆಂಡು ಹಿಡಿದಾಗ ರೂಟರ್ ಹಳೆಯದನ್ನೆಲ್ಲ ಮರೆತು ಹೊಸದಾಗಿ ಎದ್ದಿತು.

“ಈಗ ಒಂದು ಪರೀಕ್ಷೆ ಅದೆ,” ಎಂದು ಮೊಬೈಲಿನಲ್ಲಿ ಅದರ ಸೆಟ್ಟಿಂಗ್ ತೆರೆದಳು. “ವೈಫೈಗೆ ಬೀಗ ಇರ್ತದಲ್ಲ, ಅದು ಡಬ್ಲ್ಯುಪಿಎ-2 ಅಥವಾ ಅದಕ್ಕಿಂತ ಹೊಸದು ಆಗಿರ್ಬೇಕು. ಅದಕ್ಕೂ ಹಳೇ ಬೀಗ ಮಾತ್ರ ಇದ್ರೆ ಅಯ್ನೋರು ಹೇಳಿದ್ದೇ ಸರಿ, ಬಳಸುಕೆ ಆಗುದಿಲ್ಲ. ಯಾರು ಬೇಕಾದ್ರೂ ಒಳಗೆ ಬರ್ತಾರೆ.”

ಪಾರ್ವತವ್ವ ಮಂಚದ ಅಂಚಿಗೆ ಸರಿದು ಮೊಬೈಲಿನೊಳಗೆ ಇಣುಕಿದಳು. ಸಂಗಯ್ಯನೂ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದ.

“ಅದೆ, ಹೊಸ ಬೀಗ ಅದೆ! ಪಾಸಾಯ್ತು,” ಎಂದಳು ರೋಹಿಣಿ.

ಆಮೇಲೆ ಬಸವರಾಜನ ಕೈಯಿಂದಲೇ ಎಲ್ಲ ಮಾಡಿಸಿದಳು. ಹಳೆಯ ರೂಟರಿನಲ್ಲಿ ನಂಬರು ಹಂಚುವ ಡಿಎಚ್‌ಸಿಪಿ ಎಂಬುದನ್ನು ಬಂದ್ ಮಾಡಿಸಿದಳು. ಎರಡು ಡಬ್ಬಿಗಳ ಸ್ವಂತ ನಂಬರು, ಅಂದರೆ ವಿಳಾಸ, ಒಂದೇ ಆಗಿತ್ತು, ಹಳೆಯದಕ್ಕೆ ಬೇರೆ ಕೊಡಿಸಿದಳು. ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬದಲಾಯಿಸಿದರು. ವೈಫೈ ಹೆಸರು, ಅದರ ಪಾಸ್‌ವರ್ಡ್ ಎರಡಕ್ಕೂ ಒಂದೇ ಇಟ್ಟರು, ಪಡಸಾಲೆಯಿಂದ ಕೋಲಿಗೆ ಬಂದರೂ ಮೊಬೈಲು ತಾನಾಗಿ ಹೊಂದಿಕೊಳ್ಳಲಿ ಎಂದು. ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರದಿರಲಿ ಎಂದು ಚಾನೆಲ್ ಮಾತ್ರ ಬೇರೆ ಬೇರೆ. ಕೊನೆಗೆ ವೈರು.

“ಬಸಣ್ಣ, ನೀ ಮೊದಲು ಈ ಬೇರೆ ಬಣ್ಣದ ತೂತಿಗೆ ಹಾಕಿದ್ದೆ ಅಲ್ದಾ?” ಎಂದಳು ರೋಹಿಣಿ.

“ಇಲ್ಲ ಅಕ್ಕ, ಈ ನಾಲ್ಕರಾಗ ಒಂದಕ್ಕ ಹಾಕಿದ್ದೆ.”

“ಅದು ಸರಿಯಾಗೇ ಮಾಡಿದ್ದೆ. ಬೇರೆ ಬಣ್ಣದ್ದು ಹೊರಗಿನ ನೆಟ್ಟಿನ ವೈರಿಗೆ, ನೀ ಈ ನಾಲ್ಕರಲ್ಲೇ ಹಾಕು.”

“ಅಲ್ಲವಾ ತಂಗಿ,” ಸಂಗಯ್ಯ ಸುಮ್ಮನಿರಲಿಲ್ಲ, “ಹಳೇದಕ್ಕ ಹೊಸ ವೇಗ ಬರತೈತೇನು?”

“ಇಲ್ಲ ಅಯ್ನೋರೆ, ವೇಗ ಅದರದ್ದೇ. ನಾಲ್ಕು ಜನ ಕೂತು ಸಿನಿಮಾ ನೋಡುದಕ್ಕೆ ಸಾಲ್ದೇ ಇರ್ಬಹುದು. ಡಾಕ್ಟರ್ ಹತ್ರ ಮಾತಾಡುಕೆ ಧಾರಾಳ ಸಾಕು. ಗುಡುಗು ಸಿಡಿಲು ಬಂದಾಗ ಎರಡರ ಪ್ಲಗ್ಗೂ ತೆಗೀರಿ. ಮೇಲೆ ಬಟ್ಟೆ ಹೊದೆಸ್ಬೇಡಿ.”

ಪಾರ್ವತವ್ವ ಧೂಳು ಕೂರದಿರಲಿ ಎಂದು ತೆಗೆದಿಟ್ಟಿದ್ದ ಕಸೂತಿ ವಸ್ತ್ರವನ್ನು ಮೆಲ್ಲಗೆ ದಿಂಬಿನ ಕೆಳಗೆ ತುರುಕಿದಳು.

ಮಂಗಳವಾರ ಡಾಕ್ಟರ್ ಕಾವ್ಯಶ್ರೀ ಮತ್ತೆ ಮೊಬೈಲಿನಲ್ಲಿ ಬಂದರು. “ಕಾಲು ಎತ್ತಿ. ಹಿಡ್ಕೊಳ್ಳಿ.” ಪಾರ್ವತವ್ವ ಎತ್ತಿದಳು. ಒಂದು, ಎರಡು, ಮೂರು. ಕಣ್ಣು ಮೊಬೈಲಿನ ಮೇಲೇ ಇತ್ತು. ಹತ್ತಕ್ಕೆ ಸರಿಯಾಗಿ ಮಾತು ಬಂತು. “ಇಳಿಸಿ ಅಮ್ಮ. ತುಂಬಾ ಚೆನ್ನಾಗಿದೆ!” ಪಾರ್ವತವ್ವನ ಕಣ್ಣು ತುಂಬಿ ಬಂತು. ಇಷ್ಟು ದಿನ ಆ ಒಂದು ಮಾತಿಗೆ ಕಾಯುತ್ತ ಕಾಲು ಎತ್ತಿಕೊಂಡು ಮಲಗಿದ್ದಳಲ್ಲ.

ಸೀಗೆ ಹುಣ್ಣಿಮೆಯ ದಿನ, ಡಾಕ್ಟರು ಹೂಂ ಎಂದ ಮೇಲೆ, ಅವಳು ಊರುಗೋಲು ಹಿಡಿದು ಹೊಲದ ಬದುವಿನ ಮೇಲೆ ನಡೆದಳು. ಬುಟ್ಟಿ ಮಹೇಶ್ವರಿಯ ತಲೆಯ ಮೇಲಿತ್ತು, ಚರಗ ಚೆಲ್ಲಿದ ಕೈ ಪಾರ್ವತವ್ವನದು. ಹಿಂದೆ ಬರುತ್ತಿದ್ದ ಸಂಗಯ್ಯ, “ಸಾವಕಾಶ ನಡಿ. ಕುಂದ್ರು ಅಂದದ್ದು ನಂದ ತಪ್ಪಾತು,” ಎಂದ. ಅವಳು ಕೇಳಿಸದವಳ ಹಾಗೆ ನಟಿಸಿದಳು, ಮತ್ತೊಮ್ಮೆ ಹೇಳಲಿ ಎಂದು.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಹಳೆಯ ರೂಟರ್ ಇದ್ದೀತು. ಗುಜರಿಗೆ ಹಾಕುವ ಮೊದಲು ಇಳಿಸಿ ನೋಡಿ. ಬೀಗ ಗಟ್ಟಿಯಿದ್ದರೆ, ನಂಬರು ಹಂಚುವ ಕೆಲಸ ಒಂದಕ್ಕೇ ಬಿಟ್ಟು, ಎರಡನ್ನೂ ವೈರಿನಿಂದ ಕೂಡಿಸಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಬೀಗ ಗಟ್ಟಿಯಿಲ್ಲದ್ದನ್ನು ಇ-ಕಸ ತೆಗೆದುಕೊಳ್ಳುವವರಿಗೆ ಕೊಡಿ. ಆದರೆ ಇವತ್ತೇ ನೋಡಿ. ನಿಮ್ಮ ಒಳಕೋಲಿಯಲ್ಲೂ ಯಾರೋ ಕಾಲು ಎತ್ತಿಕೊಂಡು ಕಾಯುತ್ತಿರಬಹುದು.