ಮಡಿಲಿಗೆ ಬಿದ್ದ ಬೀಡಿ ಕಟ್ಟು

"ಈ ಬಾಯಿಗೆ ಇನ್ನೇನು ಹಾಕಿ ಸುಮ್ಮನಿರಿಸಲಿ?"

ಮಂಡಕ್ಕಿ ಭಟ್ಟಿಯ ಮುಂದೆ ಕೂತು ನನ್ನಷ್ಟಕ್ಕೇ ಕೇಳಿಕೊಂಡಿದ್ದೆ. ಬಾಯಲ್ಲಿ ಲವಂಗವಿತ್ತು, ದವಡೆಯಲ್ಲಿ ಹುಣಸೆಬೀಜವಿತ್ತು. ಬೀಡಿಯ ಚಪಲದೆದುರು ಎರಡೂ ಸೋತಿದ್ದವು. ಆ ಭಟ್ಟಿಯ ಹೆಂಗಸರೆಲ್ಲ ಬೀಡಿ ಸೇದುತ್ತಿದ್ದರು. ನಾನು ಮದುವೆಯಾಗಿ ಬಂದ ವರ್ಷವೇ, ಹೊಗೆ ಕುಡಿದರೆ ಹಸಿವು ಕಾಡುವುದಿಲ್ಲವೆಂದು ಅತ್ತೆ ದುರುಗಮ್ಮನೇ ನನಗೂ ಕಲಿಸಿದ್ದಳು.

ನನ್ನ ಮೊದಲ ಮಗು ಅಂಗೈಯಷ್ಟೇ ಇತ್ತು. ಉಸಿರಿಗೆ ಹೆಣಗಿ ಹೆಣಗಿ ಒಂದು ವಾರವೂ ಉಳಿಯಲಿಲ್ಲ. ಎರಡನೆಯದು ಹೊಟ್ಟೆಯಲ್ಲಿ ನಿಂತಾಗ ಆಸ್ಪತ್ರೆಯ ನರ್ಸಮ್ಮ ನನ್ನ ಬೆರಳು ಮೂಸಿ, "ಈ ಹೊಗೆ ಮಗೂಗೂ ಹೋಗ್ತದಮ್ಮ. ಈ ಸಲನೂ ಸಣ್ಣದೇ ಹುಟ್ಟಬೇಕಾ?" ಎಂದಳು. ಅಂದೇ ಬೀಡಿ ಬಿಟ್ಟೆ.

ಬಿಡುವುದು ಕಷ್ಟವಾಗಿತ್ತು, ಬಿಡಗೊಡದವರ ಕಾಟ ಅದಕ್ಕಿಂತ ಹೆಚ್ಚಾಗಿತ್ತು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂಬುದು ನಮ್ಮ ಕೇರಿಯ ನಂಬಿಕೆ. ನಾನು ಬೀಡಿಯತ್ತ ಒಮ್ಮೆ ನೋಡಿದರೆ ಸಾಕು, ಯಾರಾದರೂ ಹಚ್ಚಿಯೇ ತರುತ್ತಿದ್ದರು.

"ತಗಳೇ, ಎರಡು ದಮ್ಮು ಎಳಿ. ನಾವೇನು ವಿಷ ಕೊಡ್ತೀವಾ?" ಎಂದು ಪಕ್ಕದಲ್ಲಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಹಾಲವ್ವ ಛೇಡಿಸುತ್ತಿದ್ದಳು. "ಮಠ ಸೇರ್ಕಂಡುಬಿಟ್ಳು ಕಣ್ರೇ ಇವಳು!"

ನಾನು ಮಂಡಕ್ಕಿ ಹುರಿಯುತ್ತಲೇ ಇರುತ್ತಿದ್ದೆ. ಅಪ್ಪ ಸಂಜೆ ಹೊತ್ತು ರಾಗವಾಗಿ ಓದುತ್ತಿದ್ದ ದೇವರ ಪದ್ಯಗಳನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಅರ್ಧ ಪದ್ಯಕ್ಕೇ ಗಂಟಲು ಹೊಗೆ ಬೇಡುತ್ತಿತ್ತು. ಆಗ ದೇವರ ಮೇಲೂ ಸಿಟ್ಟು ಬರುತ್ತಿತ್ತು.

ಏಳನೆಯ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಒಬ್ಬೊಬ್ಬರೇ ನನಗಿಷ್ಟವಾದದ್ದನ್ನು ತಂದು ಮಡಿಲು ತುಂಬಿದರು. ಕರ್ಜಿಕಾಯಿ ಬಂತು, ಮಾವಿನಕಾಯಿ ಬಂತು. ಕೊನೆಗೆ ಅತ್ತೆ ಬಂದು ಅರಿಸಿನದ ದಾರ ಸುತ್ತಿದ ಬೀಡಿ ಕಟ್ಟೊಂದನ್ನು ಇಟ್ಟಳು. ಹೆಂಗಸರು ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ.

"ಅತ್ತೆ, ಬ್ಯಾಡ ಅಂದಿದ್ನಲ್ಲ!"

"ದಿನಾ ಸೇದು ಅನ್ನಲ್ಲ ಕಣವ್ವ. ಒಂದೇ ಒಂದು ದಮ್ಮು. ಬಯಕೆ ತೀರಿಬಿಡಲಿ."

ನಾನು ಮುಖ ತಿರುಗಿಸಿದೆ. ಅವಳು ಪಕ್ಕದಲ್ಲಿ ಕುಕ್ಕರಿಸಿ, ಉಳಿದವರಿಗೆ ಕೇಳದಂತೆ ದನಿ ಇಳಿಸಿದಳು. "ನಿನ್ನ ಗಂಡನ ಎಡಗಿವಿ ಯಾಕೆ ಕೇಳಲ್ಲ ಗೊತ್ತೇನೆ? ಅವನು ಹೊಟ್ಟೇಲಿದ್ದಾಗ ಹುರಿದ ಕುರಿ ಈಲಿ ತಿನ್ನೋ ಆಸೆ ಆಗಿತ್ತು ನಂಗೆ. ಕೇಳೋಕೆ ನಾಚ್ಕಂಡು ಸುಮ್ಮನಿದ್ದೆ. ಹುಟ್ಟಿದ ಕೂಸಿನ ಕಿವಿ ಸೋರ್ತು. ನನ್ನಿಂದಾನೇ ಆಗಿದ್ದು. ಯಾರಿಗೂ ಹೇಳಿಲ್ಲ ಇವತ್ತಿನ ತನಕ."

ಅಲ್ಲಿಯವರೆಗೆ ಅವಳನ್ನು ನನ್ನ ಹಗೆ ಎಂದೇ ತಿಳಿದಿದ್ದೆ. ಈಗ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಇನ್ನಷ್ಟು ಉರಿದೆ. ಮಡಿಲಿನಿಂದ ತಂಬಾಕಿನ ವಾಸನೆ ಏಳುತ್ತಿತ್ತು. ನಾಚಿಕೆಯಿಲ್ಲದೆ ಬಾಯಲ್ಲಿ ನೀರೂರಿತು.

ಅತ್ತೆ ಕಟ್ಟಿನಿಂದ ಒಂದನ್ನು ಹಿರಿದು ಆರತಿ ತಟ್ಟೆಯ ದೀಪದಲ್ಲೇ ಹೊತ್ತಿಸಿದಳು. ಸೋಬಾನೆ ಹಾಡುತ್ತಿದ್ದವರು ಬಾಯಿಮುಚ್ಚಿದರು.

"ನನ್ನ ಸಲುವಾಗಿ ಎಳಿಯೇ. ಕಾಲು ಹಿಡೀತೀನಿ."

ತುಟಿಯವರೆಗೆ ಬಂದ ಅವಳ ಮಣಿಕಟ್ಟನ್ನು ಹಿಡಿದುಕೊಂಡೆ. ಹೊಗೆ ನಮ್ಮಿಬ್ಬರ ಮುಖಗಳ ನಡುವೆ ನೆಟ್ಟಗೆ ಏರುತ್ತಿತ್ತು.

"ಸೇದಲ್ಲ, ಅತ್ತೆ."