ಎಲ್ಲಿಗೆಂದು ಕೇಳಬಾರದ ಶ್ರೀಧರನ್

ಕೇರಳದ ಗಡಿಯೂರು ಬಾವಲಿಯ ಶ್ರೀಧರನ್ ಮನೆಯಿಂದ ಹೊರಗೆ ಕಾಲಿಟ್ಟಾಗ ಯಾರಾದರೂ "ಎಲ್ಲಿಗೆ?" ಎಂದು ಕೇಳಿದರೆ ಮುಗಿಯಿತು. ಮನುಷ್ಯ ಮರುಮಾತಾಡದೆ ಹಿಂತಿರುಗಿ, ಮನೆ ಸೇರಿ, ಒಂದು ಲೋಟ ನೀರು ಕುಡಿದು, ಜಗಲಿಯ ಮೇಲೆ ತುಸು ಹೊತ್ತು ಕೂತು, ಹೊಸದಾಗಿ ಹೊರಡುತ್ತಾರೆ. ಹೊರಟವರನ್ನು ಎಲ್ಲಿಗೆಂದು ಕೇಳಬಾರದು, ಕೇಳಲೇಬೇಕಿದ್ದರೆ "ದೂರವಾ?" ಎನ್ನಬೇಕು ಎಂಬುದು ಕನ್ನಡದ ಮನೆಗಳಲ್ಲಿ ಅಜ್ಜಿಯರು ಕಲಿಸುತ್ತಿದ್ದ ಮರ್ಯಾದೆ, ಅದು ನಮಗೆಲ್ಲ ಗೊತ್ತು, ನಾವೆಲ್ಲ ಅದನ್ನು ಅರ್ಧಕ್ಕರ್ಧ ಮರೆತೂ ಇದ್ದೇವೆ. ಆದರೆ ಶ್ರೀಧರನ್ ಅವರ ಹಿರಿಯರು ಯಾವುದೋ ಕಾಲದಲ್ಲಿ ಹೊಳೆ ದಾಟಿ ಬಂದು ಬೇಸಾಯಕ್ಕೆ ನಿಂತದ್ದು ವಯನಾಡಿನಲ್ಲಿ, ಮತ್ತು ಅಲ್ಲಿ ಮಲಯಾಳಂ ಆಡುವ ಮಂದಿಗೆ "ಎಂಗೋಟ್ಟಾ?" ಎಂದು, ಅಂದರೆ ಎಲ್ಲಿಗೆ ಎಂದು, ಕೇಳುವುದೇ ನಮಸ್ಕಾರ. ಎದುರಾದವರನ್ನು ಹಾಗೆ ಕೇಳದೆ ಹೋದರೆ ಮುನಿಸಿಕೊಂಡಿದ್ದಾನೆಂದು ಅರ್ಥ. ಹೀಗಾಗಿ ಚೆಕ್‌ಪೋಸ್ಟಿನ ಪಕ್ಕದ ಚಹಾದಂಗಡಿಯವರ ಸೌಜನ್ಯದ ದೆಸೆಯಿಂದ ಶ್ರೀಧರನ್ ಮಾನಂದವಾಡಿಯ ಬಸ್ಸು ತಪ್ಪಿಸಿಕೊಂಡ ದಿನಗಳಿಗೆ ಲೆಕ್ಕವಿಲ್ಲ.

ಎತ್ತರದ ಆಳು. ಮೆಣಸು ಕೊಯ್ಯುವ ಚಳಿಗಾಲದಲ್ಲಿ ಪಂಚೆಯ ಮೇಲೆ ತಮ್ಮ ತಂದೆಯ ಕಾಲದ ಕಂದು ಬಣ್ಣದ ಕೋಟು ತೊಟ್ಟುಕೊಳ್ಳುತ್ತಾರೆ. ಅದರ ಜೇಬಿನೊಳಗೆ ಕೈಬಿಟ್ಟರೆ ಮೆಣಸಿನ ಕಾಳು, ಬಸ್ಸಿನ ಟಿಕೆಟು, ಮೊಂಡು ಪೆನ್ಸಿಲು ಎಲ್ಲವೂ ಸಮಾನಭಾವದಿಂದ ಸಿಗುತ್ತವೆ. ನಡಿಗೆ ಒಂದು ಬಗೆಯದು. ಗದ್ದೆಯ ಬದುವಿನ ಮೇಲೆ ಸರಸರನೆ ನಡೆಯುತ್ತ ಬಂದವರು ದಾರಿ ಕವಲೊಡೆಯುವಲ್ಲಿ ಗಕ್ಕನೆ ನಿಂತುಬಿಡುತ್ತಾರೆ. ನೋಡಿದವರಿಗೆ ಗಾಢವಾದ ಆಲೋಚನೆಯಲ್ಲಿರುವಂತೆ ಕಾಣುತ್ತದೆ, ಆದರೆ ಆ ತಲೆಯಲ್ಲಿ ಆಗ ಏನೂ ಇರುವುದಿಲ್ಲ. ಕಾಲು ಯಾವ ಕಡೆ ತಿರುಗುತ್ತದೋ ಎಂದು ಅವರೂ ನಮ್ಮಂತೆಯೇ ಕಾಯುತ್ತಿರುತ್ತಾರೆ ಅಷ್ಟೇ.

ನಾನು ಹೆಗ್ಗಡದೇವನಕೋಟೆಯಿಂದ ಒಂದು ಪುಟ್ಟ ಮಾಸಪತ್ರಿಕೆ ಹೊರಡಿಸುತ್ತೇನೆ, ಶ್ರೀಧರನ್ ಅದರ ಲೇಖಕರು. ಶಾಲೆಯಲ್ಲಿ ಕಲಿತದ್ದು ಮಲಯಾಳಂ. ಕನ್ನಡದ ಅಕ್ಷರಗಳನ್ನು ಅಜ್ಜಿ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಬರೆಸಿ ಕಲಿಸಿದ್ದಂತೆ. ಆ ಮಣ್ಣಿನ ಅಕ್ಷರಗಳಿಂದ ಇಷ್ಟು ತಿಳಿಯಾದ, ಇಷ್ಟು ಬೆಳಕಿರುವ ಗದ್ಯ ಹೇಗೆ ಬಂತೆಂದು ಸಂಪಾದಕನಾದ ನನಗೆ ಇಂದಿಗೂ ಹೊಟ್ಟೆಕಿಚ್ಚಿನಷ್ಟೇ ಬೆರಗು. ಮೊದಮೊದಲು ನಾನು ತಿಂಗಳ ಕೊನೆಗೆ ಫೋನ್ ಮಾಡಿ, ಮುಂದಿನ ಸಂಚಿಕೆಗೆ ಯಾವ ವಿಷಯ, ಎಷ್ಟು ಪುಟ ಎಂದು ವಿಚಾರಿಸುತ್ತಿದ್ದೆ.

"ಕೂಸು ಹುಟ್ಟಕ್ ಮುಂಚೆ ಕುಲಾವಿ ಹೊಲಿಯಕ್ಕಾದದಾ ಸಾರ್?" ಎನ್ನುತ್ತಿದ್ದರು ಆ ಕಡೆಯಿಂದ. "ಬರ್ಲಿ, ನೋಡುಮ."

ಈ "ಬರ್ಲಿ, ನೋಡುಮ" ಎಂಬುದು ಅವರ ಬಾಯಲ್ಲಿ ತಾಂಬೂಲದಂತೆ ಸದಾ ಇರುವ ಮಾತು. ಮಳೆ ಬಂದೀತೇ ಎಂದರೂ ಅದೇ, ಶುಂಠಿಗೆ ಬೆಲೆ ಏರೀತೇ ಎಂದರೂ ಅದೇ. ನಾನು ಹಟ ಹಿಡಿದು ಕೇಳಿದ ತಿಂಗಳು ಲೇಖನ ಬರುತ್ತಲೇ ಇರಲಿಲ್ಲ. ವಿಷಯವೇನೆಂದು ಬಾಯಿಬಿಟ್ಟು ಹೇಳಿದ ಕೂಡಲೇ ಬರೆಯುವ ಆಸೆ ಬತ್ತಿಹೋಗುತ್ತದೆಂದು ಅವರ ವಾದ. ಎರಡು ಸಂಚಿಕೆಗಳಲ್ಲಿ ಅವರಿಗೆಂದು ಬಿಟ್ಟ ಜಾಗವನ್ನು ಬೇಸಾಯದ ಸಲಹೆಗಳಿಂದ ತುಂಬಿದ ಮೇಲೆ ನನಗೂ ಬುದ್ಧಿ ಬಂತು.

ಅವರು ಮೊದಲ ವಾಕ್ಯ ಬರೆಯುವಾಗ ಎರಡನೆಯ ವಾಕ್ಯ ಅವರಿಗೆ ಗೊತ್ತಿರುವುದಿಲ್ಲ. ತಿರುನೆಲ್ಲಿಯ ಬಸ್ಸಿನಲ್ಲಿ ಕೋಳಿ ಹಿಡಿದುಕೊಂಡು ಕೂತಿದ್ದ ಮುದುಕಿಯ ಬಗ್ಗೆ ಎಂದು ತೊಡಗಿದ ಬರಹ ಗದ್ದೆಗೆ ಇಳಿದು, ಕೊಕ್ಕರೆಯ ಹಿಂದೆ ಅಲೆದು, ಬಾಲ್ಯದ ಒಂದು ಜ್ವರದೊಳಕ್ಕೆ ಹೊಕ್ಕು, ಅಲ್ಲೇ ಮಲಗಿಬಿಡುತ್ತದೆ. ಮುದುಕಿ, ಕೋಳಿ ಇಬ್ಬರೂ ಪತ್ತೆಯಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಯಿತೆಂದು ಓದುಗರೊಬ್ಬರು ಪತ್ರಿಕೆಗೆ ಬರೆದಿದ್ದರು, ಅದು ನಿಜವೂ ಹೌದು. ಶ್ರೀಧರನ್ ಅವರ ಅರ್ಧಕ್ಕರ್ಧ ಬರಹಗಳು ಹಾಗೆ ಕಾಡುಪಾಲಾಗಿವೆ. ಉಳಿದರ್ಧದಲ್ಲಿ ಮಾತ್ರ, ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿದ್ದ ಗದ್ಯ ಒಂದು ತಿರುವಿನಲ್ಲಿ ನಮ್ಮದೇ ಎದೆಯ ಬಾಗಿಲಿಗೆ ಬಂದು ನಿಂತಿರುತ್ತದೆ, ಮತ್ತು ಬರೆದವರೂ ನಮ್ಮಷ್ಟೇ ಚಕಿತರಾಗಿ ಅಲ್ಲಿ ನಿಂತಿರುತ್ತಾರೆ.

ಒಮ್ಮೆ ಮೈಸೂರಿನ ಒಂದು ಬರವಣಿಗೆ ಶಿಬಿರಕ್ಕೆ ನಾನೇ ಕರೆದೊಯ್ದಿದ್ದೆ. ಮೊದಲು ಹಂದರ ಹಾಕಿಕೊಳ್ಳಬೇಕು, ಆದಿ, ಮಧ್ಯ, ಅಂತ್ಯಗಳನ್ನು ಗುರುತಿಸಿಕೊಳ್ಳಬೇಕು ಎಂದು ಅಲ್ಲಿ ಕಲಿಸಿದರು. ಶ್ರೀಧರನ್ ವಿಧೇಯ ವಿದ್ಯಾರ್ಥಿಯಂತೆ ಹಂದರ ಹಾಕಿ, ಅದರಂತೆಯೇ ಬರೆದು, ಎಲ್ಲರಿಂದ ಚಪ್ಪಾಳೆ ಗಿಟ್ಟಿಸಿದರು. ಬರಹ ನಿಜಕ್ಕೂ ಅಚ್ಚುಕಟ್ಟಾಗಿತ್ತು. ವಾಪಸು ಬರುವಾಗ ಅದನ್ನು ಪತ್ರಿಕೆಗೆ ಕೊಡಿ ಎಂದರೆ ಅವರು ಸಂಕೋಚದಿಂದ ಕೋಟಿನ ಗುಂಡಿ ತಿರುವುತ್ತ, "ಚೆಂದಾಗದೆ ಸಾರ್. ಪಕ್ಷೇ ಅದ್ರಲ್ಲಿ ನಂಗೆ ಯಾರೂ ಸಿಕ್ಕಲಿಲ್ಲ" ಎಂದರು. ಆ ಮನೆಯಲ್ಲಿ "ಆದರೆ" ಎನ್ನುವುದಕ್ಕೆ ಮಲಯಾಳಂನ "ಪಕ್ಷೇ" ಎಂದೇ ರೂಢಿ. ಹಂದರ ಹಾಕಿ ಬರೆಯುವ ದೊಡ್ಡವರನ್ನು ನಾನು ಬಲ್ಲೆ, ಅವರಿಗೆ ಅದರಲ್ಲೇ ಎಲ್ಲರೂ ಸಿಗುತ್ತಾರೆ. ಇವರಿಗೆ ಸಿಗಲಿಲ್ಲ.

ಇದೆಲ್ಲ ಹಾಸ್ಯಕ್ಕೆ ಒದಗುವ ಸ್ವಭಾವ. ಅವರ ಹೆಂಡತಿ ಅಮ್ಮಿಣಿಯಕ್ಕನೂ ಅದನ್ನು ಹಾಸ್ಯದಲ್ಲೇ ನುಂಗಿಕೊಂಡು ಬಂದವರು: "ಇವ್ರನ್ನ ಮೆಣಸು ಮಾರಕ್ಕೆ ಕಳ್ಸುದ್ರೆ ಕತೆ ತಕಂಡು ಬತ್ತಾರೆ." ಆದರೆ ಮೂರು ವರ್ಷದ ಹಿಂದೆ ಶ್ರೀಧರನ್ ಅವರ ಒಬ್ಬನೇ ತಮ್ಮ ಸುಧೀಷ್ ಇಲಿಜ್ವರ ಬಂದು ವಾರದೊಳಗೆ ತೀರಿಕೊಂಡ. ಮೊಣಕಾಲುದ್ದದ ಕೆಸರಿನಲ್ಲಿ ನಾಟಿಯ ಕೆಲಸ ಮಾಡಿಕೊಂಡು ನಗುನಗುತ್ತ ಇದ್ದ ಹುಡುಗ. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಅವನ ಹೆಂಡತಿ ನಿಷ ತವರಿಗೆ ಹೋಗದೆ ಅದೇ ಮನೆಯಲ್ಲಿ ಉಳಿದಳು. ಅಣ್ಣ ಅಳಲಿಲ್ಲ. ಕೆಲವು ವಾರಗಳ ನಂತರ ಹಲಸಿನ ಮರದ ಬಗ್ಗೆ ಏನೋ ಬರೆಯಲು ಕೂತರು. ಮೂರನೆಯ ಸಾಲಿಗೆ ಸುಧೀಷ್ ಬಂದು ಆ ಮರದ ಕೆಳಗೆ ಕೂತ, ಮತ್ತೆ ಏಳಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಓದು. ಹಾಳೆಗಳಲ್ಲಿ ಸುಧೀಷ್ ಸ್ಕೂಟರ್ ಕಲಿತು ಬೇಲಿಗೆ ಗುದ್ದುತ್ತಿದ್ದ, ಕಾವಲಿನ ಮಂಚಿಕೆಯಲ್ಲಿ ಕೂತು ಹಂದಿಗಳಿಗೆ ಚುನಾವಣಾ ಭಾಷಣ ಮಾಡುತ್ತಿದ್ದ, ಕದ್ದು ಅತ್ತಿಗೆಯ ಉಪ್ಪಿನಕಾಯಿ ತಿನ್ನುತ್ತಿದ್ದ. ಕೇಳುತ್ತ ಅಮ್ಮಿಣಿಯಕ್ಕ ನಗುತ್ತಿದ್ದರು, ನಿಷ ನಗುತ್ತಿದ್ದಳು, ನಗುತ್ತಲೇ ಎದ್ದು ಒಳಗೆ ಹೋಗುತ್ತಿದ್ದಳು. ಆ ಬರಹ ಯಾವತ್ತೂ ಜ್ವರದ ಸಮೀಪಕ್ಕೆ ಬರಲಿಲ್ಲ. ಜೀವಮಾನವೆಲ್ಲ ಕೊನೆ ಗೊತ್ತಿಲ್ಲದೆ ಬರೆದವರ ಕೈಗೆ ಇದೊಂದೇ ಕಥೆ ಕೊನೆ ಗೊತ್ತಿದ್ದು ಬಂದಿತ್ತು, ಅದಕ್ಕೇ ಅವರು ಅದನ್ನು ಸುತ್ತುತ್ತಲೇ ಇದ್ದರು ಎಂದು ನನ್ನ ಅನಿಸಿಕೆ.

ಕಳೆದ ವರ್ಷ ನಿಷ ಕಾಫಿ ಸಸಿಗಳ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಸಸಿ ಒಯ್ಯಲು ಬರುತ್ತಿದ್ದ ವೆಳ್ಳಮುಂಡದ ರತೀಶ್ ಎಂಬ ರೈತ ಅವಳನ್ನು ಮದುವೆಯಾಗುವ ಮಾತು ಎತ್ತಿದ. ಇವರ ಪೈಕಿಯವನೇ, ಮಾತು ಕಡಿಮೆ, ಕೆಲಸ ಹೆಚ್ಚು. ನಿಷಳಿಗೆ ಮನಸ್ಸಿತ್ತು, ಅದನ್ನು ಅವಳು ಅಮ್ಮಿಣಿಯಕ್ಕನ ಬಳಿ ಹೇಳಿಯೂ ಇದ್ದಳು. ಅವಳ ತಂದೆಯದು ಒಂದೇ ಮಾತು: ಮಗಳು ಆ ಮನೆಯ ಅನ್ನ ತಿಂದವಳು, ಆ ಮನೆಯ ಹಿರಿಯರ ಬಾಯಿಂದ "ಹೂಂ" ಬಂದರೆ ಸರಿ, ಬಾರದಿದ್ದರೆ ಇಲ್ಲ. ಆ ಬಾಯಿಯೋ, "ಬರ್ಲಿ, ನೋಡುಮ" ಎನ್ನುವುದನ್ನು ಬಿಟ್ಟು ಬೇರೆ ಕಲಿತದ್ದೇ ಇಲ್ಲ. ತಿಂಗಳುಗಳು ಕಳೆದವು. ಏಪ್ರಿಲಿನ ವಿಷು ಹಬ್ಬದೊಳಗೆ ಉತ್ತರ ಬಾರದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆಂದು ರತೀಶನ ಮನೆಯವರು ಹೇಳಿ ಕಳಿಸಿದರು. ಹಾಸ್ಯ ಹಾಸ್ಯವಾಗಿ ಉಳಿಯಲಿಲ್ಲ. ತಾನು ಬೇಡ ಎನ್ನುತ್ತಿಲ್ಲವಲ್ಲ ಎಂದು ಶ್ರೀಧರನ್ ಹೇಳುತ್ತಿದ್ದರು. ಹೌದೆನ್ನದೆ ಕೂತರೂ ಒಂದು ಹೆಣ್ಣಿನ ಬಾಳು ನಿಂತುಹೋಗುತ್ತದೆಂಬುದು ಅವರಿಗೆ ಹೊಳೆದಿರಲಿಲ್ಲ. ನನಗೂ ಅವರ ಮೇಲೆ ಕೋಪ ಬಂದಿತ್ತು.

ಆಗೊಂದು ಭಾನುವಾರ, ಓದು ಮುಗಿದು ಹಾಳೆ ಮಡಚುವಾಗ, ಆ ಮನೆಯಲ್ಲಿ ಯಾರೂ ಕೇಳದಿದ್ದದ್ದನ್ನು ನಿಷ ಕೇಳಿದಳು. ಇದನ್ನು ನನಗೆ ಹೇಳಿದವರು ಅಮ್ಮಿಣಿಯಕ್ಕ.

"ಭಾವ, ಈ ಕತೆ ಎಲ್ಲಿಗೋಯ್ತದೆ?"

ಅವಳೇ ಮುಂದುವರಿಸಿದಳಂತೆ: "ನಂಗೂ ಕೇಳಕ್ಕೆ ಇಷ್ಟನೇ. ಪಕ್ಷೇ ಭಾನ್ವಾರ ಭಾನ್ವಾರ ಅವ್ರನ್ನ ಮನೆಗೆ ಕರ್ಕಬತ್ತೀರಿ. ಸೋಮವಾರ ನಾನು ಮತ್ತೆ ಮೊದ್ಲಿಂದ ಕಳ್ಕಬೇಕು."

ಶ್ರೀಧರನ್ ಎದ್ದು ಒಳಗೆ ಹೋದರು. ನೀರು ಕುಡಿದ ಸದ್ದು ಕೇಳಿತು. ಮರಳಿ ಬಂದು ಜಗಲಿಯಲ್ಲಿ ಕೂತರು. ಮುಂದಿನ ಹಲವು ಭಾನುವಾರ ಓದು ನಡೆಯಲಿಲ್ಲ. ಅವರು ಪೆನ್ಸಿಲು ಮುಟ್ಟಲಿಲ್ಲ, ಹೊರಗೂ ಅಷ್ಟಾಗಿ ಹೊರಡಲಿಲ್ಲ. ಚಹಾದಂಗಡಿಯವರಿಗೆ ಅವರನ್ನು ಎಲ್ಲಿಗೆಂದು ಕೇಳುವ ಅವಕಾಶ ತಪ್ಪಿ ಬೇಸರವಾಯಿತೆಂದು ಕೇಳಿದ್ದೇನೆ.

ಮಾರ್ಚಿನ ಒಂದು ಭಾನುವಾರ ನಾನು ಹೋದಾಗ ಅಂಗಳದ ತುಂಬ ಕೊನೆಯ ಕೊಯ್ಲಿನ ಮೆಣಸು ಒಣಗುತ್ತಿತ್ತು. ಊಟವಾದ ಮೇಲೆ ಶ್ರೀಧರನ್ ಒಂದು ಹಾಳೆ ಹಿಡಿದು ಬಂದು ಕೂತರು. ಆ ಬೆಳಿಗ್ಗೆಯಷ್ಟೇ ಬರೆದದ್ದಂತೆ. ಸುಧೀಷ್ ಸ್ಕೂಟರಿನ ಯಾವುದೋ ಸಾಮಾನು ತರಲು ಮಾನಂದವಾಡಿಗೆ ಹೊರಟಿದ್ದಾನೆ, ಬಸ್ಸಿನಲ್ಲಿ ಯಾರದೋ ಮಗುವನ್ನು ಎತ್ತಿ ಆಡಿಸುತ್ತಾನೆ, ನಾವೆಲ್ಲ ಎಂದಿನಂತೆ ನಗುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದವನ ಕೈಯಲ್ಲಿ ಒಂದು ಚೀಲ ಇದೆ. ಸಾಮಾನಿನಂಗಡಿಯ ಕಡೆ ಹೋಗದೆ ಅವನು ಬಸ್ಸುಗಳ ಸಾಲಿನತ್ತ ನಡೆಯುತ್ತಾನೆ. ಓದುವ ದನಿ ಇಲ್ಲಿಗೆ ಬರುವಾಗ ನಿಧಾನವಾಯಿತು. ಶ್ರೀಧರನ್ ಹಾಳೆಯನ್ನು ತುಸು ದೂರ ಹಿಡಿದು, ಬೇರೆ ಯಾರದೋ ಕೈಬರಹವನ್ನು ಕಷ್ಟಪಟ್ಟು ಓದುವವರಂತೆ ಮುಂದಿನ ಸಾಲು ಓದಿದರು: "ಚೀಲವನ್ನು ವೆಳ್ಳಮುಂಡದ ಬಸ್ಸಿನೊಳಗೆ ಇಟ್ಟು ಸುಧೀಷ್ ಕೆಳಗಿಳಿದ. ಚೀಲ ನಿಷಳದು. ಅವಳು ಹತ್ತಿ ಕಿಟಕಿಯ ಬಳಿ ಕೂತಳು."

ಅಲ್ಲಿಗೆ ಹಾಳೆ ಮುಗಿದಿತ್ತು.

"ವೆಳ್ಳಮುಂಡನಾ? ರತೀಶನ ಊರ್ಗಾ?" ಎಂದರು ಅಮ್ಮಿಣಿಯಕ್ಕ, ಬಹಳ ಮೆಲ್ಲಗೆ.

"ಹಂಗಂತ ಬರ್ದದೆ."

"ಬರ್ದೋರು ಯಾರು?"

ಶ್ರೀಧರನ್ ಹಾಳೆಯನ್ನೇ ನೋಡುತ್ತಿದ್ದರು. "ನಾನೇ ಕನಮ್ಮಿ" ಎಂದರು ಕೊನೆಗೆ, ಮತ್ತು ಮೂರು ವರ್ಷದಿಂದ ಅಳದಿದ್ದ ಆ ಮನುಷ್ಯ ನಮ್ಮೆಲ್ಲರ ಎದುರು, ಮುಖ ಮುಚ್ಚಿಕೊಳ್ಳದೆ, ಅತ್ತರು. ಸ್ವಲ್ಪ ಹೊತ್ತಾದ ಮೇಲೆ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡು, "ರತೀಶನ ಮನೆಯೋರ್ಗೆ ಬರಕ್ಕೇಳು" ಎಂದು ಹೆಂಡತಿಗೆ ಹೇಳಿದರು. ಒಪ್ಪಬೇಕೆಂದು ತೀರ್ಮಾನಿಸಿ ಬರೆದದ್ದೇ ಎಂದು ನಾನು ಆಮೇಲೆ ಕೇಳಿದಾಗ ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಬೆಳಿಗ್ಗೆ ಕೂತಾಗ ಸುಧೀಷನ ಕೈಯಲ್ಲಿ ಚೀಲ ಇದ್ದದ್ದೂ ಅವರಿಗೆ ತಿಳಿದಿರಲಿಲ್ಲ.

ನಿಷ ಕಂಬಕ್ಕೆ ಒರಗಿ ನಿಂತಿದ್ದಳು. ಕೇಳಿದ್ದು ಒಂದೇ ಪ್ರಶ್ನೆ.

"ಬಸ್ಸು ಹೊರಡುವಾಗ ಅವ್ರು ಏನಾರ ಅಂದ್ರಾ ಭಾವ?"

"ಇನ್ನೂ ಬರ್ದಿಲ್ಲ ಮಗ. ಬರೀಲಾ?"

"ಬೇಡಿ" ಎಂದಳು ಅವಳು. "ಅಲ್ಲೇ ನಿಂತ್ಕಂಡಿರ್ಲಿ."

ಶ್ರೀಧರನ್ ಬರೆಯಲಿಲ್ಲ. ವಿಷು ಕಳೆದು ಮದುವೆ ನಡೆಯಿತು, ಆ ಬರಹವನ್ನು ನಾನು ಕೇಳಿದರೂ ಪತ್ರಿಕೆಗೆ ಕೊಡಲಿಲ್ಲ.

ತಮ್ಮ ಮನಸ್ಸಿನಲ್ಲಿ ಇರುವುದೇನೆಂದು ಮೊದಲೇ ತಿಳಿದು, ಅದಕ್ಕೆ ತಕ್ಕ ಮಾತು ಹೊಂದಿಸಿ ಆಡುವವರೇ ಲೋಕದಲ್ಲಿ ಹೆಚ್ಚು, ಲೋಕ ನಡೆಯುತ್ತಿರುವುದೂ ಅವರಿಂದ. ಶ್ರೀಧರನ್ ಅವರಂಥವರ ಜಾತಿ ಬೇರೆ. ತಮ್ಮೊಳಗಿನದು ತಮಗೇ ಕಾಣದೆ, ಬರೆದು ಮುಗಿದ ಮೇಲೆ ನಮ್ಮ ಪಕ್ಕದಲ್ಲೇ ಕೂತು, ನಮ್ಮೊಂದಿಗೇ ಅದನ್ನು ಮೊದಲ ಸಲ ಕೇಳಿಸಿಕೊಳ್ಳುವ ಜನ ಇವರು. ಇಂಥವರ ಮನೆಯಲ್ಲಿ ಬಾಳುವುದು ಸುಲಭವಲ್ಲ. ಅವರಿಗಾಗಿ ಕಾಯುವವರ ವಯಸ್ಸು ನಿಲ್ಲುವುದಿಲ್ಲ, ಹಬ್ಬಗಳು ಕಾಯುವುದಿಲ್ಲ. ಆದರೆ ಅವರ ಬಾಯಿಂದ ಒಂದು ಮಾತು ಬಂದಾಗ ಅದನ್ನು ಕೇಳಿದವರಿಗೆಲ್ಲ ಅದಕ್ಕೆ ಕೊಟ್ಟ ಬೆಲೆ ಎಷ್ಟೆಂದು ಕಾಣುತ್ತದೆ, ಏಕೆಂದರೆ ಆ ಬೆಲೆಯನ್ನು ಅವರು ನಮ್ಮ ಕಣ್ಣೆದುರಿನಲ್ಲೇ ತೆತ್ತಿರುತ್ತಾರೆ.